ರೇಟು ಬರೆಯುವವಳು

ಅಮ್ಮ ತರಕಾರಿ ಮಾರ್ಕೆಟ್ಟಿನಲ್ಲಿ ಕೂತು ಟೊಮೇಟೊ ಮೂವತ್ತು ಅಂದ ದಿನ ಸೂಪರ್ ಮಾರ್ಕೆಟ್ಟಿನ ಬೋರ್ಡಿನ ಮೇಲೆ ಇಪ್ಪತ್ತೊಂಬತ್ತು. ಅಮ್ಮ ಇಪ್ಪತ್ತೆಂಟಕ್ಕೆ ಇಳಿದ ದಿನ ಅಲ್ಲಿ ಇಪ್ಪತ್ತೇಳು. ಏಳು ತಿಂಗಳ ಬಸುರಿ ಅತ್ತಿಗೆ ಆಸ್ಪತ್ರೆಯಿಂದ ಬರುವಾಗ ಆ ಬೋರ್ಡನ್ನು ಓದಿಕೊಂಡು ಬಂದಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ಹೇಳಿದಳು.

"ಬೀನ್ಸೂ ಅಷ್ಟೇ ಅತ್ತೆ. ನೀವು ಐವತ್ತು, ಅವರು ನಲವತ್ತೊಂಬತ್ತು."

"ನನ್ನ ಬಾಯಿ ನೋಡ್ಕೊಂಡೇ ಬೋರ್ಡು ಬರೀತಾರೇನೋ," ಅಂತ ಅಮ್ಮ ನಕ್ಕಳು.

"ಅಷ್ಟು ದೊಡ್ಡ ಬಾಯಿ, ಅಲ್ಲೀವರೆಗೂ ಕಾಣಿಸದೆ ಇರುತ್ತಾ?" ಅಂದಳು ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದ ಅಜ್ಜಿ.

ಅಣ್ಣನಿಗೂ ನಗು ಬಂತು. ಅಮ್ಮನ ಕಿರಿಮಗಳು, ಮನೆಯ ಚಿಕ್ಕವಳು, ಮಾತ್ರ ತಟ್ಟೆಯಲ್ಲಿದ್ದ ಬದನೆಕಾಯಿಯ ತೊಟ್ಟನ್ನು ಬೆರಳಿನಿಂದ ಆಚೆ ಈಚೆ ತಳ್ಳುತ್ತಾ ಕೂತಳು. ಆ ಬೋರ್ಡಿಗೆ ರೇಟು ತಂದುಕೊಡುತ್ತಿದ್ದವಳು ಅವಳೇ.

ಅವಳಿಗೆ ಹತ್ತೊಂಬತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಅಂದರೆ ಗಂಟಲು ಕಟ್ಟಿಹೋಗುತ್ತಿತ್ತು. ಮೇಷ್ಟ್ರು ಗದರಿದರೂ ಸ್ವರ ಹೊರಡಲಿಲ್ಲ, ಕೊನೆಗೆ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಳು. ಅಜ್ಜಿ ಅವಳನ್ನು ಕರೆಯುವುದೇ ಮೂಗಿ ಅಂತ. ಆದರೆ ಕಣ್ಣು ಚುರುಕು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವಳಿಗೆ ಕಾಣುತ್ತಿತ್ತು.

ಸೂಪರ್ ಮಾರ್ಕೆಟ್ಟಿಗೆ ಸೇರಿ ನಾಲ್ಕು ವಾರವಾಗಿತ್ತು. ಮನೆಯಲ್ಲಿ ಪ್ಯಾಕಿಂಗ್ ಕೆಲಸ ಅಂದಿದ್ದಳು. ಅದು ಪೂರ್ತಿ ಸುಳ್ಳೇನಲ್ಲ, ಹತ್ತು ಗಂಟೆಯ ಮೇಲೆ ಅವಳು ಪ್ಯಾಕಿಂಗೇ ಮಾಡುತ್ತಿದ್ದಳು. ಅದಕ್ಕೂ ಮೊದಲಿನ ಎರಡು ತಾಸಿನ ಕೆಲಸವನ್ನು ಮಾತ್ರ ಹೇಳಿರಲಿಲ್ಲ. ಮ್ಯಾನೇಜರ್ ಮೊದಲ ದಿನವೇ ಇಪ್ಪತ್ತೆರಡು ತರಕಾರಿ, ಆರು ಹಣ್ಣಿನ ಹೆಸರು ಅಚ್ಚಾದ ಹಾಳೆ ಕೈಗೆ ಕೊಟ್ಟಿದ್ದ.

"ಬೆಳಿಗ್ಗೆ ಮಾರ್ಕೆಟ್ ಸುತ್ತಬೇಕು. ಒಂದೊಂದು ಐಟಮ್ಮಿಗೂ ಐದು ಅಂಗಡಿ ಕೇಳಬೇಕು. ಐದು ಕಾಲಮ್ಮು, ಐದು ರೇಟು. ಒಂಬತ್ತೂವರೆಗೆ ನನ್ನ ಟೇಬಲ್ ಮೇಲಿರಬೇಕು."

ಅವಳು ತಲೆಯಾಡಿಸಿದಳು.

"ನೀನು ಬಂದರೂ ಗೊತ್ತಾಗಲ್ಲ, ಹೋದರೂ ಗೊತ್ತಾಗಲ್ಲ," ಮ್ಯಾನೇಜರ್ ಮೆಚ್ಚಿಕೊಂಡೇ ಹೇಳಿದ. "ಈ ಕೆಲಸಕ್ಕೆ ನಿನ್ನಂಥವರೇ ಬೇಕು."

ಮಾರನೇ ದಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನೊಳಗಿಟ್ಟುಕೊಂಡು ಈರುಳ್ಳಿಯವನ ಎದುರು ನಿಂತಳು. ಬಾಯಿ ತೆರೆಯಲಿಲ್ಲ. ಆತ ಇಬ್ಬರಿಗೆ ತೂಗಿಕೊಟ್ಟ, ಮೂರನೆಯವರಿಗೆ ಚಿಲ್ಲರೆ ಕೊಟ್ಟ, ಆಮೇಲೆ ಇವಳನ್ನು ನೋಡಿ, "ಏನಮ್ಮಾ, ಈರುಳ್ಳಿ ಬೇಕೋ, ಇಲ್ಲಾ ನನ್ನ ಮುಖ ಬೇಕೋ?" ಅಂದ. ಸುತ್ತಲಿದ್ದವರು ನಕ್ಕರು. ಅವಳು ಅಲ್ಲಿಂದ ಓಡಿದವಳು ನಿಂತದ್ದು ಎರಡನೇ ಸಾಲಿನಲ್ಲಿ, ನಲ್ಲಿ ಪಕ್ಕದ ಅಮ್ಮನ ಜಾಗದಲ್ಲಿ.

ಆ ಜಾಗದಲ್ಲಿ ಮೊದಲು ಮೂವತ್ತು ವರ್ಷ ಅಜ್ಜಿ ಕೂತಿದ್ದಳು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಸೊಸೆಗೆ ಬಂತು. ನೀರು ಹತ್ತಿರ, ನೆರಳು ಮಧ್ಯಾಹ್ನದವರೆಗೆ, ಬಾಗಿಲಿಂದ ಒಳಗೆ ಬಂದವರಿಗೆ ನೇರ ಕಾಣುವ ಜಾಗ. ದಿನಾ ಬೆಳಿಗ್ಗೆ ಸುಂಕದವನಿಗೆ ಸುಂಕ ಕೊಡಬೇಕು. ನಾಲ್ಕು ದಿನ ಸತತ ಖಾಲಿ ಬಿಟ್ಟರೆ ಬೇರೆಯವರಿಗೆ. ಮನೆಯ ಅನ್ನ ಹುಟ್ಟುತ್ತಿದ್ದದ್ದು ಆ ಎರಡು ಗೋಣಿಚೀಲದ ಅಗಲದಲ್ಲಿ.

ಅಮ್ಮ ಗಿರಾಕಿಗಳಿಗೆ ಹೇಳುವ ರೇಟನ್ನು ಕೇಳಿಕೊಂಡು ಚಿಕ್ಕವಳು ನೆರವಿಗೆ ಬಂದವಳ ಹಾಗೆ ಹಿಂದೆ ಕೂತೇ ಹಾಳೆ ತುಂಬಿಸಿದಳು, ಅವತ್ತೂ, ಆಮೇಲೆ ದಿನಾ. ಮೊದಲ ಕಾಲಮ್ಮಿಗೆ ಅಮ್ಮನ ರೇಟು. ಉಳಿದ ನಾಲ್ಕಕ್ಕೆ ಅದಕ್ಕೇ ಒಂದು, ಎರಡು ಸೇರಿಸಿದ ರೇಟು. ಅಮ್ಮ ಮಾರದ್ದಕ್ಕೆ ಅಣ್ಣ ಹೇಳುವ ಸಗಟು ಮಂಡಿಯ ರೇಟಿನ ಮೇಲೆ ಒಂದಿಷ್ಟು. ಒಂದೇ ಮಂಡಿಯಿಂದ ಬರುವ ಮಾಲು, ಎಲ್ಲರದೂ ಹೆಚ್ಚುಕಡಿಮೆ ಅಷ್ಟೇ ತಾನೇ ಅಂದುಕೊಂಡಳು. ಮ್ಯಾನೇಜರ್ ಐದರಲ್ಲಿ ಕಡಿಮೆಯದನ್ನು ಹಿಡಿದು, ಅದರಲ್ಲೂ ಒಂದನ್ನು ಕಳೆದು ಬೋರ್ಡಿಗೆ ಹಾಕುತ್ತಿದ್ದ.

ಹಾಳೆಯ ಕೊನೆಗೆ "ಇತರೆ" ಅಂತ ಒಂದು ಚೌಕವಿತ್ತು. ಇದನ್ನಾದರೂ ನಿಜ ಬರೆಯಬೇಕು ಅನ್ನಿಸಿ ಅದರಲ್ಲಿ ಬರೆದಳು: ಕೊಸರು, ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ.

"ಏನಿದು ಕೊಸರು?" ಮ್ಯಾನೇಜರ್ ಕೇಳಿದ.

"ತೂಗಿದ ಮೇಲೆ... ಮೇಲಿಂದ ಒಂದಿಷ್ಟು ಹಾಕ್ತಾರೆ ಸರ್. ಅದಕ್ಕೆ ದುಡ್ಡಿಲ್ಲ."

"ಎಲ್ಲರೂ ಹಾಕ್ತಾರಾ?"

ಎಲ್ಲರೂ ಹಾಕುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಅಮ್ಮನಿಗೆ ಕೊಸರಮ್ಮ ಅಂತ ಅಡ್ಡಹೆಸರು ಬಿದ್ದದ್ದೇ ಅದರಿಂದ. ಅವಳು ಪ್ಯಾಕಿಂಗ್ ಟೇಬಲ್ಲಿಗೆ ಹೋದಳು. ಮುಂದಿನ ವಾರ ಸೂಪರ್ ಮಾರ್ಕೆಟ್ಟಿನ ಬಿಲ್ಲಿನ ಕೌಂಟರ್ ಪಕ್ಕ ಒಂದು ಬುಟ್ಟಿ ಬಂತು. ಕೊತ್ತಂಬರಿ, ಮೆಣಸಿನಕಾಯಿಯ ಪುಟ್ಟ ಪುಟ್ಟ ಪೊಟ್ಟಣ. ಮೇಲೆ ಕೆಂಪು ಅಕ್ಷರದಲ್ಲಿ "ಕೊಸರು, ನಮ್ಮ ಕಡೆಯಿಂದ". ಆ ಪೊಟ್ಟಣಗಳನ್ನು ಕಟ್ಟುವ ಕೆಲಸವೂ ಚಿಕ್ಕವಳ ಪಾಲಿಗೇ ಬಂತು.

*

ಊಟದ ಹೊತ್ತಿನ ನಗು ಬಹಳ ದಿನ ಇರಲಿಲ್ಲ. ಅಮ್ಮ ಟೊಮೇಟೊವನ್ನು ಇಪ್ಪತ್ತಾರಕ್ಕೆ ಇಳಿಸಿದಳು. ಬೋರ್ಡು ಇಪ್ಪತ್ತೈದಾಯಿತು. ಅಮ್ಮ ಇಪ್ಪತ್ತನಾಲ್ಕು ಅಂದಳು.

"ಮಂಡೀಲಿ ನಾನು ಎತ್ತಿದ್ದೇ ಇಪ್ಪತ್ತನಾಲ್ಕಕ್ಕೆ," ಅಣ್ಣ ರೇಗಿದ. ಅವನು ಮಂಡಿಯಲ್ಲಿ ಮೂಟೆ ಹೊರುವವನು, ಅಮ್ಮನ ಕ್ರೇಟುಗಳನ್ನು ತಂದು ಹಾಕುತ್ತಿದ್ದವನೂ ಅವನೇ. "ನನ್ನ ಬೆನ್ನಿಗೆ ಕೂಲಿ ಬೇಡವಾ? ಪುಕ್ಕಟೆ ಹೊರೋಕೆ ನಾನೇನು ಕತ್ತೆನಾ?"

"ಗಿರಾಕಿ ಒಂದು ಸಲ ಆ ಕಡೆ ತಿರುಗಿದರೆ ಮತ್ತೆ ಈ ಕಡೆ ಮುಖ ಹಾಕಲ್ಲ ಕಣೋ. ನಾಲ್ಕು ದಿನ ತಡಕೋ. ಅವರೆಷ್ಟು ದಿನ ಇಳಿಸ್ತಾರೆ?"

"ಅವರಿಗೆ ನಾಲ್ಕು ವರ್ಷ ಇಳಿಸೋ ತಾಕತ್ತಿದೆ. ನಿನಗೆ?"

"ನನ್ನ ಕಾಲದಲ್ಲಿ," ಅಜ್ಜಿ ಬಾಯಿ ಹಾಕಿದಳು, "ರೇಟು ಕೇಳಿ ಮುಖ ತಿರುಗಿಸಿದವಳನ್ನ ಕರೆದು ಕೂರಿಸಿ, ಗಂಡನ ಆರೋಗ್ಯ ವಿಚಾರಿಸಿ, ಕೊಟ್ಟು ಕಳಿಸ್ತಿದ್ದೆ. ಈಗ ಗಾಜಿನಂಗಡೀಲಿ ಯಾರು ಯಾರ ಗಂಡನ್ನ ವಿಚಾರಿಸ್ತಾರೆ?"

"ಅಲ್ಲಿ ಗಂಡನ್ನ ವಿಚಾರಿಸಲ್ಲ ಅಂತಲೇ ಹೋಗೋದು ಅಜ್ಜಿ," ಅಂದಳು ಅತ್ತಿಗೆ.

ಮಾರದೆ ಉಳಿದದ್ದೆಲ್ಲ ಮನೆಗೆ ಬರುತ್ತಿತ್ತು. ಬಾಡಿದ ಬೀನ್ಸು, ಒಡೆದ ಟೊಮೇಟೊ, ಹೊರಗಿನ ಎರಡು ಪದರ ಕಿತ್ತ ಎಲೆಕೋಸು. ಕೊಳೆತ ಭಾಗ ಕೆತ್ತಿ ಕೆತ್ತಿ ಚಿಕ್ಕವಳ ಹೆಬ್ಬೆರಳು ಕಪ್ಪಗಾಗಿತ್ತು. ಬೆಳಿಗ್ಗೆಯೂ ಎಲೆಕೋಸು, ಸಂಜೆಯೂ ಎಲೆಕೋಸು. ಹಾಗಿರುವಾಗ ಒಂದು ಮಧ್ಯಾಹ್ನ ಅಮ್ಮನಿಗೆ ಕಸದ ಡಬ್ಬದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಮೇಲೆ ಸೂಪರ್ ಮಾರ್ಕೆಟ್ಟಿನ ಚೀಟಿ: ಕ್ಯಾರೆಟ್, ಅರ್ಧ ಕಿಲೋ.

ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಯ ನಡುವೆ ನಿಂತಳು. "ಯಾರು ತಂದದ್ದು?"

ಅತ್ತಿಗೆ ಒಲೆಯ ಮುಂದಿಂದ ಏಳಲಿಲ್ಲ. "ನಾನೇ."

"ತರಕಾರಿ ಮಾರೋಳ ಮನೆಗೆ ಅಂಗಡಿಯಿಂದ ತರಕಾರಿ! ಮಾರ್ಕೆಟ್ಟಿನಲ್ಲಿ ಯಾರಾದರೂ ನೋಡಿದರೆ ನನ್ನ ಮುಖಕ್ಕೆ ಏನಂತಾರೆ?"

"ಅತ್ತೆ, ಕೊಳೆತದ್ದು ಬಿಟ್ಟು ಬೇರೆ ಏನಾದರೂ ತಿಂದು ಹದಿನೈದು ದಿನ ಆಯ್ತು. ನನಗೋಸ್ಕರ ಅಲ್ಲ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. "ನೀವು ಒಳ್ಳೇದೆಲ್ಲ ಮಾರ್ತೀರಿ, ಕೆಟ್ಟದ್ದು ನಮಗೆ ತರ್ತೀರಿ. ನಾನೂ ದುಡ್ಡು ಕೊಟ್ಟರೆ ಒಳ್ಳೇದು ಕೊಡ್ತೀರಾ?"

"ಬಾಯಿ ನೋಡು ಇವಳದ್ದು!"

"ನಿನ್ನ ಸೊಸೆಯೇ ಅಲ್ವಾ," ಅಂದಳು ಅಜ್ಜಿ. "ನನ್ನ ಸೊಸೆಯೂ ಹೀಗೇ ಇದ್ದಳು."

ಅಮ್ಮ ಚೀಲವನ್ನು ಮಡಿಸಿ ಡಬ್ಬದ ತಳಕ್ಕೆ ಒತ್ತಿದಳು. ಅವತ್ತು ಸಂಜೆ ಊಟಕ್ಕೆ ಕೂರಲಿಲ್ಲ.

ಎರಡು ದಿನ ಬಿಟ್ಟು ಸೊಪ್ಪಿನಕ್ಕ ಮನೆಗೆ ಬಂದಳು. ಮಾರ್ಕೆಟ್ಟಿನಲ್ಲಿ ಅಮ್ಮನ ಪಕ್ಕದ ಜಾಗ ಅವಳದು. ಇಪ್ಪತ್ತು ವರ್ಷ ಒಬ್ಬರ ತಕ್ಕಡಿ ಇನ್ನೊಬ್ಬರು ನೋಡಿಕೊಂಡವರು. ಕೊಟ್ಟ ಟೀ ಮುಟ್ಟದೆ ಕೂತಳು.

"ನಾನು ಹೇಳಿದೆ ಅಂತ ಬೇಜಾರು ಮಾಡ್ಕೋಬೇಡ. ಸಾಲಿನವರೆಲ್ಲ ಸಿಟ್ಟಾಗಿದ್ದಾರೆ. ನೀನು ರೇಟು ಒಡೀತಿದ್ದೀಯ ಅಂತ."

"ನಾನು ಒಡೀತಿದ್ದೀನಾ? ಆ ಸೂಪರ್ ಮಾರ್ಕೆಟ್ಟಿನವರು..."

"ಅವರು ನಮ್ಮ ಸಾಲಲ್ಲಿ ಕೂತಿಲ್ಲವಲ್ಲ. ಕಣ್ಣಿಗೆ ಕಾಣೋಳು ನೀನು. ನಾವು ಟೊಮೇಟೊ ಮೂವತ್ತು ಅಂದರೆ, ಕೊಸರಮ್ಮ ಇಪ್ಪತ್ತನಾಲ್ಕಕ್ಕೆ ಕೊಡ್ತಾಳೆ ಅಂತ ಎದ್ದು ಹೋಗ್ತಾರೆ. ಸುಂಕದವನ ಹತ್ರ ಮಾತಾಗಿದೆ. ಸರಿಮಾಡ್ಕೊಳ್ಳದಿದ್ದರೆ ನಿನ್ನನ್ನ ಕೊನೇ ಸಾಲಿಗೆ, ಕಸದ ಗುಂಡಿ ಪಕ್ಕಕ್ಕೆ ಹಾಕ್ತಾರೆ."

ಒಳಬಾಗಿಲ ಹಿಂದೆ ನಿಂತಿದ್ದ ಚಿಕ್ಕವಳಿಗೆ ಈಗ ಲೆಕ್ಕ ಹೊಳೆಯಿತು. ಸಾಲಿನ ಉಳಿದವರೆಲ್ಲ ಇನ್ನೂ ಮೂವತ್ತರಲ್ಲೇ ಇದ್ದರು. ಹಾಗಾದರೆ ಇಷ್ಟು ದಿನ ಸೂಪರ್ ಮಾರ್ಕೆಟ್ಟು ಮಾರ್ಕೆಟ್ಟಿನ ಜೊತೆ ಜಿದ್ದಿಗೆ ಬಿದ್ದಿರಲೇ ಇಲ್ಲ. ಒಬ್ಬಳ ಜೊತೆ ಬಿದ್ದಿತ್ತು. ಅಮ್ಮ ಇಳಿಸುವಳು, ಇವಳು ಬರೆಯುವಳು, ಅವರು ಇಳಿಸುವರು, ಅದನ್ನು ಕೇಳಿ ಅಮ್ಮ ಮತ್ತೆ ಇಳಿಸುವಳು. ಐದು ಜನರನ್ನು ಕೇಳಲು ಬಾಯಿ ಬಾರದ್ದಕ್ಕೆ ಇಷ್ಟೆಲ್ಲ.

*

ಮಾರನೇ ದಿನ ಅವಳು ಹಾಳೆಯಲ್ಲಿ ಟೊಮೇಟೊ ಮೂವತ್ತೆರಡು ಅಂತ ಬರೆದಳು. ಬೀನ್ಸ್ ಐವತ್ತೈದು. "ಇತರೆ" ಅನ್ನುವ ಚೌಕ ಖಾಲಿ ಬಿಟ್ಟಳು. ಮ್ಯಾನೇಜರ್ ನೋಡಿದ, ಹುಬ್ಬೇರಿಸಿದ, ಬೋರ್ಡಿಗೆ ಮೂವತ್ತೊಂದು ಹಾಕಿಸಿದ.

ಅಮ್ಮ ಇಪ್ಪತ್ತೆಂಟಕ್ಕೆ ಏರಿಸಿ ಹನ್ನೊಂದು ಗಂಟೆಗೆಲ್ಲ ಕ್ರೇಟು ಖಾಲಿ ಮಾಡಿಕೊಂಡು ಬಂದಳು. ಮಾರನೇ ದಿನ ಮೂವತ್ತಾಯಿತು, ಆಗಲೂ ಉಳಿಯಲಿಲ್ಲ. ಸಾಲಿನವರ ಬಾಯಿಯೂ ಮುಚ್ಚಿತು. ಮೂರನೇ ದಿನ ಅಮ್ಮ ಮಾರುವ ಮೊದಲೇ ಒಂದು ಕಿಲೋ ಎಳೇ ಬೀನ್ಸ್ ಎತ್ತಿಟ್ಟು ಮನೆಗೆ ತಂದಳು. ಸೊಸೆಯ ಮುಂದೆ ಸುರಿದು, "ತಗೋ, ದುಡ್ಡು ಬೇಡ," ಅಂದಳು. ಅತ್ತಿಗೆ ನಗುತ್ತಾ ಕಣ್ಣೊರೆಸಿಕೊಂಡಳು. ಅಣ್ಣ ಎರಡು ಸೇಬು ತಂದ, ಒಂದನ್ನು ಹೆಂಡತಿಗೆ, ಇನ್ನೊಂದನ್ನು ನಾಲ್ಕು ಹೋಳು ಮಾಡಿ ಉಳಿದವರಿಗೆ.

"ಗಾಜಿನಂಗಡಿಗೆ ಬುದ್ಧಿ ಬಂತು," ಅಂದಳು ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಸೇಬು ಚೀಪುತ್ತಾ. "ಏ ಮೂಗಿ, ನಿಮ್ಮ ಮ್ಯಾನೇಜರಿಗೆ ಜ್ವರಗಿರ ಬಂದಿದೆಯೇನೇ?"

ಚಿಕ್ಕವಳು ನಗಲು ನೋಡಿದಳು. ತನ್ನ ಹೋಳನ್ನು ಅತ್ತಿಗೆಯ ಕೈಗಿಟ್ಟಳು.

ಆರನೇ ದಿನ ಮ್ಯಾನೇಜರ್ ಅವಳನ್ನು ಒಳಗೆ ಕರೆದ. ಟೇಬಲ್ಲಿನ ಮೇಲೆ ಎರಡು ಹಾಳೆಗಳಿದ್ದವು. ಒಂದು ಅವಳದು. ಇನ್ನೊಂದು ಅವನೇ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ತುಂಬಿಸಿದ್ದು.

"ಗಿರಾಕಿಗಳು ಬಂದು ಜಗಳ ಆಡ್ತಿದ್ದಾರೆ, ನಿಮ್ಮದೇ ದುಬಾರಿ ಅಂತ. ಯಾಕೆ ಅಂತ ನಾನೇ ಹೋಗಿ ನೋಡಿದೆ. ಹಳೇ ಹಾಳೆಗಳನ್ನೂ ತೆಗೆದು ನೋಡಿದೆ. ಐದು ಅಂಗಡಿ ಅಂದಿದ್ದೆ. ಈ ವಾರದ್ದು ಯಾರ ರೇಟೂ ಅಲ್ಲ, ಹಿಂದಿನದೆಲ್ಲ ಒಂದೇ ಅಂಗಡಿದು, ಕೊಸರು ಕೊಡೋಳದು. ನಲ್ಲಿ ಪಕ್ಕದ್ದು. ಯಾರವಳು?"

ಅವಳು ನೆಲ ನೋಡಿದಳು. "ಅಮ್ಮ."

ಬಯ್ಯುತ್ತಾನೆ ಅಂದುಕೊಂಡಿದ್ದಳು. ಅವನು ಬಯ್ಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ನಾಳೆಯಿಂದ ಐದು ಅಂಗಡಿ, ಐದು ಬಾಯಿ. ವಾರಕ್ಕೊಮ್ಮೆ ನಾನೇ ಹೋಗಿ ಸರಿನೋಡ್ತೀನಿ. ಮತ್ತೊಂದು ಸಲ ತಪ್ಪಿದರೆ ಬೇರೆಯವರನ್ನ ಇಟ್ಟುಕೊಳ್ತೀನಿ." ಆಮೇಲೆ ಹೊರಗಿನ ಹುಡುಗನನ್ನು ಕೂಗಿ ಹೇಳಿದ, "ಟೊಮೇಟೊ ಇಪ್ಪತ್ತು ಹಾಕು. ಹದಿನೈದು ದಿನ ಅಷ್ಟೇ ಇರಲಿ. ಹೋದವರೆಲ್ಲ ವಾಪಸ್ ಬರಲಿ."

ಹೋದವರೆಲ್ಲ ವಾಪಸ್ ಬಂದರು. ಅಮ್ಮನ ಹಳೇ ಗಿರಾಕಿಗಳೂ ಬಂದರು. ಪ್ಯಾಕಿಂಗ್ ಟೇಬಲ್ಲಿನ ಹಿಂದೆ ನಿಂತು ಚಿಕ್ಕವಳು ಅವರ ಮುಖಗಳನ್ನು ಒಂದೊಂದಾಗಿ ಗುರುತು ಹಿಡಿದಳು. ಅವರಿಗೆ ಅವಳ ಗುರುತು ಸಿಗಲಿಲ್ಲ.

ಮಾರ್ಕೆಟ್ಟಿನಲ್ಲಿ ಅಮ್ಮನ ಕ್ರೇಟುಗಳು ತಂದ ಹಾಗೇ ವಾಪಸಾದವು. ನಾಲ್ಕನೇ ದಿನಕ್ಕೆ ತಳದ ಟೊಮೇಟೊ ಒಡೆದು ನೀರು ಸೋರಿ ಅಣ್ಣನ ಅಂಗಿಯ ಬೆನ್ನು ಕೆಂಪಾಯಿತು. ಅವನು ಕ್ರೇಟನ್ನು ಅಂಗಳದಲ್ಲಿ ಎತ್ತಿ ಹಾಕಿದ.

"ನಾಳೆಯಿಂದ ನಾನು ಎತ್ತಲ್ಲ. ಯಾರಿಗೆ ಬೇಕೋ ಅವರು ಹೊತ್ಕೊಂಡು ಹೋಗಿ."

ಮಾರನೇ ದಿನ ಅಮ್ಮ ಮಾರ್ಕೆಟ್ಟಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೇ ದಿನ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು.

"ನಾಳೆಗೆ ನಾಲ್ಕು ದಿನ ಆಗುತ್ತೆ. ಜಾಗ ಹೋಗುತ್ತೆ ಕಣೇ. ಬರೀ ಕೈಯಲ್ಲಾದರೂ ಹೋಗಿ ಕೂತ್ಕೋ. ಸುಂಕ ಕೊಟ್ಟು ಸುಮ್ಮನೆ ಕೂತ್ಕೋ!"

"ಬರೀ ಕೈಯಲ್ಲಿ ಕೂತು ಏನು ಮಾರಲಿ ಅತ್ತೆ? ನೆಲ ಮಾರಲಾ?" ಅಮ್ಮ ಅಂಗಳದಲ್ಲಿ ಕೊಳೆತ ಟೊಮೇಟೊ ಬೇರೆ ಮಾಡುತ್ತಾ ಕೂತಿದ್ದಳು. "ಆ ದೇವರಿಗೇ ಗೊತ್ತು ಯಾರ ಕಣ್ಣು ಬಿತ್ತೋ. ಇಡೀ ಮಾರ್ಕೆಟ್ಟಿನಲ್ಲಿ ಅವರಿಗೆ ನಾನೊಬ್ಬಳೇ ಸಿಕ್ಕಿದೆನಾ?"

ಚಿಕ್ಕವಳು ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ," ಅಂದಳು. ಅಷ್ಟಕ್ಕೇ ಸ್ವರ ನಿಂತಿತು. ಮತ್ತೆ ಹೇಳಿದಳು, "ನಾನೇ ಬರೆದುಕೊಟ್ಟದ್ದು."

"ಏನು?"

"ನಿನ್ನ ರೇಟು. ದಿನಾ. ಅದು ನನ್ನ ಕೆಲಸ."

ಅಮ್ಮನ ಕೈ ಕ್ರೇಟಿನಲ್ಲೇ ಉಳಿಯಿತು. "ಎಷ್ಟು ದಿನದಿಂದ?"

"ಮೊದಲ ದಿನದಿಂದ."

"ಬರೀ ನನ್ನದಾ?"

"ಬೇರೆಯವರನ್ನ ಕೇಳೋಕೆ ಆಗಲಿಲ್ಲ. ಬಾಯಿ ಬರಲಿಲ್ಲ."

"ಕೊಸರು?"

"ಅದೂ ನಾನೇ ಬರೆದೆ."

ಅಣ್ಣ ಒಳಗಿನಿಂದ ಬಂದವನೇ ಕೈ ಎತ್ತಿದ. "ಮೂಗಿಯಂತೆ ಮೂಗಿ! ಮನೆಗೇ ಬೆಂಕಿ ಇಟ್ಟಳಲ್ಲ!"

"ಕೈ ಇಳಿಸು," ಅಮ್ಮ ತಲೆ ಎತ್ತದೆ ಹೇಳಿದಳು. ಅವನು ಇಳಿಸಿದ. ಅಜ್ಜಿ ಮೆಲ್ಲಗೆ ಗೋಡೆಗುಂಟ ಜಾರಿ ಕೂತಳು. ಅಮ್ಮ ಕೈಯಲ್ಲಿದ್ದ ಟೊಮೇಟೊವನ್ನು ತಿರುಗಿಸಿ ನೋಡಿ ಕೊಳೆತದ್ದರ ಕಡೆ ಹಾಕಿದಳು.

"ಕೆಲಸ ಬಿಡ್ತೀನಿ ಅಮ್ಮ. ನಾಳೆಯೇ ಬಿಡ್ತೀನಿ."

"ಬಿಟ್ಟು?" ಅಮ್ಮ ಈಗ ಅವಳ ಮುಖ ನೋಡಿದಳು. "ಜಾಗ ನಾಳೆ ಹೋಗುತ್ತೆ. ನಿನ್ನ ಅತ್ತಿಗೆಯ ಹೆರಿಗೆಗೆ ಇನ್ನು ಒಂದೂವರೆ ತಿಂಗಳು. ಇವನ ಮೂಟೆ ಕೂಲಿ, ನಿನ್ನ ಸಂಬಳ ಬಿಟ್ಟರೆ ಈ ಮನೆಗೆ ಇನ್ನೇನಿದೆ? ಬಿಡ್ತಾಳಂತೆ!"

*

ಜಾಗ ಹೋಯಿತು. ಅಲ್ಲಿ ಪ್ಲಾಸ್ಟಿಕ್ ಬಕೆಟ್ಟಿನವನೊಬ್ಬ ಬಂದು ಕೂತ. ಅವನಿಗೆ ಯಾವ ತರಕಾರಿಯ ರೇಟಿನ ಹಂಗೂ ಇರಲಿಲ್ಲ. ಅಜ್ಜಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೇ ದಿನ ಹಸಿವಿಗೆ ಸೋತು, ಯಾರ ಮುಖವನ್ನೂ ನೋಡದೆ ಉಂಡಳು.

ಚಿಕ್ಕವಳು ಒಬ್ಬಳೇ ಹಾಳೆ ಹಿಡಿದು ಹೋಗುತ್ತಿದ್ದಳು. ಎದೆ ಗಟ್ಟಿಮಾಡಿಕೊಂಡು ಒಂದೆರಡು ಕಡೆ ಕೇಳಿದಳು, ಮೂರನೆಯ ಕಡೆ ಸ್ವರವೇ ಹೊರಡಲಿಲ್ಲ. ಹಾಳೆಯಲ್ಲಿ ಅರ್ಧಕ್ಕರ್ಧ ಖಾಲಿ. ಶನಿವಾರ ಮ್ಯಾನೇಜರ್ ಹಾಳೆಯನ್ನು ಅವಳ ಮುಂದೆಯೇ ಹರಿದು, "ಸೋಮವಾರ ಕೊನೇ ಸಲ," ಅಂದ. ಆ ಮಾತನ್ನು ಅವಳು ಮನೆಗೆ ಬಂದು ಹಾಗೇ ಒಪ್ಪಿಸಿದಳು.

ಸೋಮವಾರ ಬೆಳಿಗ್ಗೆ ಅವಳು ಚಪ್ಪಲಿ ಹಾಕುವಾಗ ಅಮ್ಮ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ನಡಿ. ಕೇಳೋದು ನಾನು ಕೇಳ್ತೀನಿ. ನೀನು ಬರಿ."

"ಅಮ್ಮಾ, ಅವರೆಲ್ಲ ನಿನ್ನವರು."

"ಅದಕ್ಕೇ," ಅಂದಳು ಅಮ್ಮ. "ಯಾರು ಮೊದಲು ಎಷ್ಟು ಹೇಳ್ತಾರೆ, ಕೊನೆಗೆ ಎಷ್ಟಕ್ಕೆ ಬರ್ತಾರೆ ಅನ್ನೋದು ನನಗಲ್ಲದೆ ಇನ್ಯಾರಿಗೆ ಗೊತ್ತು?"

ಈರುಳ್ಳಿಯವನ ಹತ್ತಿರ ಅಮ್ಮ ನಗಾಡಿಕೊಂಡು ಕೇಳಿದಳು. ಆಲೂಗಡ್ಡೆಯವನು ಕೈ ಹಿಡಿದು, ಯಾಕಮ್ಮಾ ಕಾಣಿಸಲೇ ಇಲ್ಲ ಅಂದ. ಬಾಳೆಹಣ್ಣಿನವಳು ಕೇಳುವ ಮೊದಲೇ ಹೇಳಿದಳು. ಒಂದು ಹೆಜ್ಜೆ ಹಿಂದೆ ನಿಂತ ಚಿಕ್ಕವಳು ಒಂದೊಂದನ್ನೂ ಅದರದರ ಚೌಕದಲ್ಲಿ ಬರೆದಳು. ಹಾಳೆ ಇಷ್ಟು ಬೇಗ ಯಾವತ್ತೂ ತುಂಬಿರಲಿಲ್ಲ. ಎರಡನೇ ಸಾಲಿಗೆ ಬಂದಾಗ ಬಕೆಟ್ಟುಗಳ ಪಕ್ಕದಲ್ಲಿ ಸೊಪ್ಪಿನಕ್ಕ ಕೂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ಹಾಳೆಗೆ, ಆಮೇಲೆ ಪೆನ್ನಿಗೆ, ಕೊನೆಗೆ ಅಮ್ಮನ ಮುಖಕ್ಕೆ.

"ಸೊಪ್ಪು ಹೇಗೆ ಕಟ್ಟು?" ಅಮ್ಮ ಕೇಳಿದಳು.

"ಯಾವ ರೇಟು ಹೇಳಲಿ ಕೊಸರಮ್ಮಾ? ಕೊಳ್ಳೋರ ರೇಟಾ, ಬರೆಯೋರ ರೇಟಾ?"

ಅಮ್ಮ ಹಾಳೆಯ ಕಡೆ ಕೈ ತೋರಿಸಿದಳು. "ಬರೆಯೋರದ್ದು."

"ಹಾಗಾದರೆ ಹದಿನೈದು." ಸೊಪ್ಪಿನಕ್ಕ ಚಿಕ್ಕವಳ ಕಡೆ ತಿರುಗಿದಳು. "ಹದಿನೈದು ಅಂತ ಬರಕೋ ಮಗಾ. ಅವರ ಬೋರ್ಡು ಮೇಲಿದ್ದರೆ ನಾವೂ ಒಂದಷ್ಟು ದಿನ ಇಲ್ಲಿ ಕೂತಿರ್ತೀವಿ."

ಚಿಕ್ಕವಳು ಪೆನ್ನನ್ನು ಹಾಳೆಗೆ ತಾಗಿಸಿದಳು. ಅಮ್ಮ ಬಗ್ಗಿ ಒಂದು ಕಟ್ಟು ಎತ್ತಿ, ಬೇರಿನ ಕಡೆ ತಿರುಗಿಸಿ ನೋಡಿ, ಅಂಗೈಯಲ್ಲಿ ತೂಗಿ, ಇದ್ದಲ್ಲೇ ಇಟ್ಟಳು.

"ಕೊಳ್ಳೋರಿಗೆ ಹನ್ನೆರಡು," ಅಂದಳು. "ಬರಿ."

ಸೊಪ್ಪಿನಕ್ಕ ತಂಬಿಗೆಯಲ್ಲಿ ನೀರು ತಗೊಂಡು ಸೊಪ್ಪಿನ ಮೇಲೆ ಚಿಮುಕಿಸತೊಡಗಿದಳು. ಚಿಕ್ಕವಳು ಹನ್ನೆರಡು ಅಂತ ಬರೆದಳು.